ನಿಮ್ಮ ಕೊಳಗೇರಿಯನ್ನು ಕಲಂ 3ರ ಅಡಿ ಘೋಷಿಸಿಕೊಳ್ಳುವುದು ಹೇಗೆ

ಪಟ್ಟಣದ ಬಡವರಿಗೆ ಸೂರು ಎಂದ ಕೂಡಲೇ ಮಾತು ಶುರುವಾಗುವುದು ಮನೆ ಮಂಜೂರಾತಿ, ಸಹಾಯಧನ, ಹಕ್ಕುಪತ್ರದಿಂದ. ಅವೆಲ್ಲ ಆಮೇಲಿನ ಮಾತು. ಮೊದಲು ಕೇರಿಗೆ ಕಾಗದ ಆಗಬೇಕು, ಮನೆಗೆ ಕಾಗದ ಆಗುವುದು ಅದಾದ ಮೇಲೆ. ಕರ್ನಾಟಕದಲ್ಲಿ ಕೇರಿಗೆ ಆಗುವ ಆ ಕಾಗದ ಎಂದರೆ ಕರ್ನಾಟಕ ಕೊಳಗೇರಿ ಪ್ರದೇಶಗಳ (ಸುಧಾರಣೆ ಮತ್ತು ನಿರ್ಮೂಲನ) ಕಾಯ್ದೆ, 1973ರ ಕಲಂ 3ರ ಘೋಷಣೆ. ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್ಟಿನಲ್ಲಿ, ಅದು ಬರುವುದು ಒಂದೆರಡು ಪುಟದಲ್ಲಿ: ಊರು, ವಾರ್ಡು, ಸರ್ವೆ ನಂಬರು, ಎಕರೆ-ಗುಂಟೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ). ನಿಮ್ಮ ಓಣಿ ಆ ಚಕ್ಕುಬಂದಿಯ ಒಳಗೆ ಬಿತ್ತೋ ಹೊರಗೆ ಉಳಿಯಿತೋ ಎನ್ನುವುದರ ಮೇಲೆ ಮುಂದಿನ ಇಪ್ಪತ್ತು ವರ್ಷದ ಕೆಲಸ ನಿಂತಿರುತ್ತದೆ. ಹಾಗಾಗಿ ಈ ಬರಹದ ಬಹುಪಾಲು ಆ ಗೆರೆಯನ್ನು ಸರಿಯಾಗಿ ಎಳೆಸಿಕೊಳ್ಳುವ ಬಗ್ಗೆಯೇ ಇದೆ.

ಘೋಷಣೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎನ್ನುವುದು ಮೊದಲೇ ಗೊತ್ತಿರಲಿ. ಘೋಷಣೆಯಾದ ಕೇರಿಯಲ್ಲಿ ರಸ್ತೆ, ಚರಂಡಿ, ಶೌಚಾಲಯ, ನೀರಿಗೆ ಹಣ ಹಾಕಲು ಸ್ಲಂ ಬೋರ್ಡಿಗೆ, ಅಂದರೆ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿಗೆ, ಕಾನೂನಿನ ಆಧಾರ ಸಿಗುತ್ತದೆ. ಜಾಗದ ಮಾಲೀಕ ಅಲ್ಲಿ ವಾಸ ಇರುವವರನ್ನು ಬಿಡಿಸಲು ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ, ಕಾಯ್ದೆ ಗೊತ್ತುಮಾಡಿದ ಪ್ರಾಧಿಕಾರದ ಲಿಖಿತ ಅನುಮತಿ ಬೇಕು. ಖಾಸಗಿ ಜಾಗವಾದರೆ ಕಲಂ 17ರ ಅಡಿ ಸರ್ಕಾರ ಅದನ್ನು ಸ್ವಾಧೀನಪಡಿಸಿಕೊಳ್ಳಲು ದಾರಿ ತೆರೆಯುತ್ತದೆ. ಸಿಗದೇ ಇರುವುದು ಮಾಲೀಕತ್ವ. ಘೋಷಣೆಯಾದ ಮಾತ್ರಕ್ಕೆ ಜಾಗ ನಿಮ್ಮ ಹೆಸರಿಗೆ ಬರುವುದಿಲ್ಲ. ಈ ಒಂದು ವಿಷಯವನ್ನು ಕೇರಿಯ ಮೊದಲ ಸಭೆಯಲ್ಲೇ ಬಿಡಿಸಿ ಹೇಳದಿದ್ದರೆ, ರಾಜ್ಯಪತ್ರ ಕೈಗೆ ಬಂದ ದಿನ ಜನ ಸಂಘದವರನ್ನೇ ಅನುಮಾನದಿಂದ ನೋಡುತ್ತಾರೆ.

ಜಾಗ ಯಾರದ್ದು?

ಅರ್ಜಿ ಬರೆಯುವ ಮುಂಚೆ ಇದಕ್ಕೆ ಉತ್ತರ ಬೇಕು. ಫೋನಿಗೆ ದಿಶಾಂಕ್ ಆ್ಯಪ್ ಹಾಕಿಕೊಂಡು ಕೇರಿಯ ನಡುವೆ ನಿಂತರೆ ಅದು ಸರ್ವೆ ನಂಬರು ತೋರಿಸುತ್ತದೆ. ಒಂದೇ ಕಡೆ ನಿಂತು ನೋಡಿ ಬಂದುಬಿಡಬೇಡಿ. ನಾಲ್ಕೂ ಮೂಲೆಗೆ ಹೋಗಿ, ಪ್ರತಿ ಮೂಲೆಯಲ್ಲೂ ನಂಬರು ಬರೆದುಕೊಳ್ಳಿ. ಕೇರಿ ಎರಡು ಮೂರು ಸರ್ವೆ ನಂಬರಿನ ಮೇಲೆ ಹರಡಿಕೊಂಡಿರುವುದು ಅಪರೂಪವೇನಲ್ಲ. ಫೋನಿನ ಜಿಪಿಎಸ್ ಹತ್ತಾರು ಅಡಿ ಆಚೀಚೆ ಹೋಗುತ್ತದೆ, ಆದ್ದರಿಂದ ಇದು ಸುಳಿವು ಮಾತ್ರ. ಆ ನಂಬರುಗಳನ್ನು ಹಿಡಿದು ನಾಡಕಚೇರಿಯಲ್ಲೋ ಭೂಮಿ ಕೇಂದ್ರದಲ್ಲೋ ಪಹಣಿ ತೆಗೆಸಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ. ಹಳೇ ಊರಿನ ಒಳಗಿನ ಜಾಗಕ್ಕೆ ಪಹಣಿ ಇರದೆ ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡ್ ಇರಬಹುದು. ಹುಬ್ಬಳ್ಳಿ, ಬೆಳಗಾವಿ ಕಡೆ ಸಿಟಿಎಸ್ ನಂಬರು ಎಂದು ಕೇಳಿದರೆ ಬೇಗ ಸಿಗುತ್ತದೆ. ಜೊತೆಗೆ ಸರ್ವೆ ಇಲಾಖೆಯಿಂದ ಗ್ರಾಮ ನಕಾಶೆ ಮತ್ತು ಆ ನಂಬರಿನ ಟಿಪ್ಪಣಿ (ಅಳತೆಯ ನಕ್ಷೆ) ನಕಲು ತನ್ನಿ.

ಪಹಣಿಯಲ್ಲಿ ‘ಸರ್ಕಾರಿ’ ಎಂದಿದ್ದರೆ ದಾರಿ ಹೆಚ್ಚು ಸುಗಮ. ನಗರಸಭೆ ಅಥವಾ ಪುರಸಭೆಯ ಜಾಗವಾದರೆ ಕೌನ್ಸಿಲಿನ ನಿರ್ಣಯ ಮಾಡಿಸಿಕೊಂಡು ಹೋದರೆ ಕಡತ ಬೇಗ ಸರಿಯುತ್ತದೆ. ಖಾಸಗಿಯವರದ್ದಾದರೆ ಘೋಷಣೆ ಆಗಬಹುದು, ಆದರೆ ಮಾಲೀಕರು ತಕರಾರು ಹಾಕುತ್ತಾರೆ ಎಂದುಕೊಂಡೇ ಹೊರಡಿ. ರೈಲ್ವೆಯಂಥ ಕೇಂದ್ರ ಸರ್ಕಾರದ ಜಾಗವಾದರೆ ಕಥೆ ಬೇರೆ. ಅಲ್ಲಿ 1971ರ ಕೇಂದ್ರ ಕಾಯ್ದೆಯಡಿ ತೆರವು ನೋಟಿಸು ಬರುತ್ತದೆ, ರಾಜ್ಯದ ಹಕ್ಕುಪತ್ರ ಅಲ್ಲಿ ನಡೆಯುವುದಿಲ್ಲ. ಅಂಥ ಕಡೆ ಪುನರ್ವಸತಿ ಕೇಳಿ ಹೋರಾಡುವುದೇ ಸರಿಯಾದ ದಾರಿ. ಕೆರೆ ಅಂಗಳ, ರಾಜಕಾಲುವೆಯ ಮೇಲಿನ ಮನೆಗಳಿಗೂ ಅದೇ ಮಾತು.

ಪಹಣಿಯಲ್ಲಿ ಖರಾಬಿನ ಲೆಕ್ಕವನ್ನೂ ನೋಡಿ. ‘ಅ’ ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ ಅಷ್ಟೆ. ‘ಬ’ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಮೀಸಲಿಟ್ಟದ್ದು. ಕೇರಿಯ ಹತ್ತು ಮನೆ ‘ಬ’ ಖರಾಬಿನ ಮೇಲಿದ್ದರೆ ಆ ಹತ್ತು ಮನೆಯ ನೆಪದಲ್ಲಿ ಇಡೀ ಕಡತ ನಿಲ್ಲಬಹುದು. ಇದು ಮೊದಲೇ ಗೊತ್ತಿದ್ದರೆ ಆ ಹತ್ತು ಕುಟುಂಬಕ್ಕೆ ಕೇರಿಯ ಒಳಗೇ ಬದಲಿ ಜಾಗ ಗುರುತಿಸಿ, ಅದನ್ನು ಅರ್ಜಿಯಲ್ಲೇ ಬರೆಯಬಹುದು.

ಈಗಾಗಲೇ ಘೋಷಣೆ ಆಗಿದೆಯೇ?

ಬೋರ್ಡಿನವರು ಯಾವಾಗಲೋ ಬಂದು ಸಿಮೆಂಟ್ ರಸ್ತೆ ಹಾಕಿದ್ದರು, ಹಾಗಾಗಿ ನಮ್ಮದು ಘೋಷಿತ ಸ್ಲಂ ಎಂದು ನಂಬಿ ಕುಳಿತ ಕೇರಿಗಳಿವೆ. ರಸ್ತೆ ಬಂದದ್ದು ಘೋಷಣೆಗೆ ಸಾಕ್ಷಿಯಲ್ಲ. ನಿಮ್ಮ ಜಿಲ್ಲೆಯ ಸ್ಲಂ ಬೋರ್ಡ್ ಉಪವಿಭಾಗದ ಕಚೇರಿಯಲ್ಲಿ ಘೋಷಿತ ಕೊಳಗೇರಿಗಳ ಪಟ್ಟಿ ಇರುತ್ತದೆ. ಅದರಲ್ಲಿ ಹೆಸರಿದ್ದರೆ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಬರೆದುಕೊಂಡು ರಾಜ್ಯಪತ್ರದ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಉಚಿತ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಅರ್ಜಿ ತಿರಸ್ಕರಿಸಲು ಈ ನಿಯಮವನ್ನೇ ಮುಂದೆ ಹಿಡಿಯಬಹುದು. ಹೀಗೆ ಬರೆದರೆ ಸಾಕು: ‘ಇಂಥ ಪಟ್ಟಣದ ಇಂಥ ವಾರ್ಡಿನ ಇಂಥ ಹೆಸರಿನ ಪ್ರದೇಶವನ್ನು 1973ರ ಕಾಯ್ದೆಯ ಕಲಂ 3ರ ಅಡಿ ಘೋಷಿಸಿರುವ ಅಧಿಸೂಚನೆಯ ಮತ್ತು ಅದಕ್ಕೆ ಲಗತ್ತಿಸಿದ ನಕ್ಷೆಯ ದೃಢೀಕೃತ ಪ್ರತಿ ಕೊಡಿ.’ 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು.

ಪ್ರತಿ ಸಿಕ್ಕಿದಾಗ ಸರ್ವೆ ನಂಬರನ್ನು ನಿಮ್ಮ ಪಹಣಿಯ ಪಕ್ಕ ಇಟ್ಟು ನೋಡಿ. 45/2 ಇರಬೇಕಾದಲ್ಲಿ ಬರೀ 45 ಎಂದಿದ್ದರೂ, ವಿಸ್ತೀರ್ಣ 1 ಎಕರೆ 10 ಗುಂಟೆ ಇರಬೇಕಾದಲ್ಲಿ 30 ಗುಂಟೆ ಎಂದಿದ್ದರೂ ತಿದ್ದುಪಡಿ ಅಧಿಸೂಚನೆ ಕೇಳಲೇಬೇಕು. ಹಳೇ ಘೋಷಣೆಯಾದ ಮೇಲೆ ಕೇರಿ ಬೆಳೆದು ಹೊಸ ಓಣಿಗಳು ಹೊರಗುಳಿದಿದ್ದರೆ ಆ ಭಾಗಕ್ಕೆ ಹೊಸ ಘೋಷಣೆ ಬೇಕಾಗುತ್ತದೆ.

ನಕ್ಷೆ

ಅಧಿಕಾರಿಗಳು ಅಳೆಯುವ ಮುಂಚೆ ನೀವೇ ಒಮ್ಮೆ ಅಳೆದಿರಬೇಕು. ಇದಕ್ಕೆ ಇಂಜಿನಿಯರು ಬೇಕಾಗಿಲ್ಲ. 100 ಅಡಿಯ ಟೇಪು, ಚೌಕುಳಿ ಹಾಳೆಯ ನೋಟ್‌ಬುಕ್, ಬಣ್ಣದ ಡಬ್ಬಿ, ನಾಲ್ಕು ಜನ, ಒಂದು ಭಾನುವಾರ ಸಾಕು. ಅಳತೆ ಶುರುಮಾಡುವ ಬಿಂದು ಅಲುಗಾಡದ್ದಾಗಿರಬೇಕು: ಟ್ರಾನ್ಸ್‌ಫಾರ್ಮರ್ ಕಟ್ಟೆ, ದೇವಸ್ಥಾನದ ಮೂಲೆ, ಮೋರಿಯ ಸೇತುವೆ. ಮರ ಬೇಡ, ಕಡಿದರೆ ಅಳತೆಯ ಬುಡವೇ ಹೋಯಿತು. ಮೊದಲು ಸುತ್ತಳತೆ, ಆಮೇಲೆ ಓಣಿಗಳು, ಕೊನೆಗೆ ಮನೆಗಳು. ಓಣಿಯ ಅಗಲವನ್ನು ಎಲ್ಲಿ ತೀರಾ ಕಿರಿದೋ ಅಲ್ಲಿ ಅಳೆದು ಬರೆಯಿರಿ, ಅದೇ ನಾಳೆ ಸಾಕ್ಷಿ.

ಪ್ರತಿ ಬಾಗಿಲಿಗೂ ಬಣ್ಣದಲ್ಲಿ ನಂಬರು ಹಾಕಿ, ಒಂದೇ ಸರಣಿಯಲ್ಲಿ. ಒಂದು ಬಾಗಿಲೊಳಗೆ ಎರಡು ಒಲೆ ಉರಿಯುತ್ತಿದ್ದರೆ ಎರಡು ಕುಟುಂಬ ಎಂದು ಲೆಕ್ಕ ಹಿಡಿದು 14/1, 14/2 ಎಂದು ಬರೆಯಿರಿ. ಮದುವೆಯಾಗಿ ಅಪ್ಪನ ಮನೆಯ ಪಕ್ಕಕ್ಕೆ ತಗಡು ಇಳಿಸಿಕೊಂಡು ಬೇರೆ ಅಡಿಗೆ ಮಾಡಿಕೊಳ್ಳುತ್ತಿರುವ ಮಗನ ಕುಟುಂಬ ಪಟ್ಟಿಯಿಂದ ಬಿಟ್ಟುಹೋಗುವುದು ಈ ಹಂತದಲ್ಲೇ. ಈಗ ಬಿಟ್ಟುಹೋದವರನ್ನು ಆಮೇಲೆ ಸೇರಿಸುವುದು ಬಹಳ ಕಷ್ಟ.

ಲೆಕ್ಕವನ್ನು ಗುಂಟೆಗೆ ತಿರುಗಿಸಿಕೊಳ್ಳಿ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆ ಒಂದು ಎಕರೆ. ಉದಾಹರಣೆಗೆ ಕೇರಿ 210 ಅಡಿಗೆ 260 ಅಡಿ ಇದೆ ಎನ್ನಿ. 54,600 ಚದರಡಿ ಆಯಿತು. 1,089ರಿಂದ ಭಾಗಿಸಿದರೆ 50 ಗುಂಟೆ ಚಿಲ್ಲರೆ, ಅಂದರೆ 1 ಎಕರೆ 10 ಗುಂಟೆ. ಅದರಲ್ಲಿ 118 ಕುಟುಂಬ ಇವೆ ಎಂದುಕೊಳ್ಳಿ. ಓಣಿ, ಗುಡಿ, ಅಂಗನವಾಡಿ, ಶೌಚಾಲಯಕ್ಕೆ ಕಾಲು ಭಾಗ ಕಳೆದರೆ ಉಳಿಯುವುದು 40,950. ಕುಟುಂಬಕ್ಕೆ 347 ಚದರಡಿ. ಅಂದರೆ 15ಕ್ಕೆ 23 ಅಡಿಯ ಜಾಗ. ‘ಎಲ್ಲರಿಗೂ ಇಲ್ಲೇ 20-30 ಸೈಟು’ ಎಂದು ಯಾರಾದರೂ ಭಾಷಣ ಮಾಡಿದರೆ ಈ ಲೆಕ್ಕವನ್ನು ಅವರ ಮುಂದಿಡಿ. 600 ಚದರಡಿಯಂತೆ ಹಂಚಿದರೆ 68 ಕುಟುಂಬಕ್ಕೆ ಮುಗಿದುಹೋಗುತ್ತದೆ, ಉಳಿದ 50 ಕುಟುಂಬ ಬೀದಿಗೆ. ಇದ್ದಲ್ಲೇ ಚಿಕ್ಕ ಜಾಗವೋ, ಇದ್ದಲ್ಲೇ ನೆಲಮಹಡಿಯ ಮೇಲೆ ಮೂರು ಅಂತಸ್ತಿನ ಕಟ್ಟಡವೋ, ಊರ ಹೊರಗೋ ಎನ್ನುವ ಚರ್ಚೆ ಕೇರಿಯೊಳಗೆ ಈ ಲೆಕ್ಕ ಇಟ್ಟುಕೊಂಡೇ ನಡೆಯಬೇಕು, ಅದೂ ಅಧಿಕಾರಿಗಳು ತಮ್ಮ ನಕ್ಷೆ ತರುವ ಮುಂಚೆ.

ಮನೆ ಪಟ್ಟಿ

ದಪ್ಪ ರಟ್ಟಿನ ಒಂದು ರಿಜಿಸ್ಟರ್ ಕೊಳ್ಳಿ. ಬಾಗಿಲ ನಂಬರು, ಕುಟುಂಬದ ಹೆಣ್ಣುಮಗಳ ಹೆಸರು, ಗಂಡಸಿನ ಹೆಸರು, ಆಧಾರ್ ಹಾಗೂ ರೇಷನ್ ಕಾರ್ಡಿನಲ್ಲಿ ಇರುವಂತೆಯೇ ಅಕ್ಷರ, ಮಕ್ಕಳು, ಎಷ್ಟು ವರ್ಷದಿಂದ ವಾಸ, ವಿದ್ಯುತ್ ಆರ್‌ಆರ್ ನಂಬರು, ಗೋಡೆ ಮತ್ತು ಚಾವಣಿ ಯಾವುದರದ್ದು, ಬಾಡಿಗೆಯೋ ಸ್ವಂತ ಗುಡಿಸಲೋ. ಹೆಣ್ಣುಮಗಳ ಹೆಸರನ್ನು ಮೊದಲು ಬರೆಯಲು ಕಾರಣವಿದೆ: ವಸತಿ ಯೋಜನೆಗಳಲ್ಲಿ ಮನೆ ಮಂಜೂರಾಗುವುದು ಸಾಮಾನ್ಯವಾಗಿ ಮನೆಯೊಡತಿಯ ಹೆಸರಿಗೆ, ಇಲ್ಲವೇ ಗಂಡ-ಹೆಂಡತಿ ಜಂಟಿ ಹೆಸರಿಗೆ.

ಅತಿ ಹೆಚ್ಚು ಕೈಕೊಡುವುದು ಹೆಸರು. ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಆಧಾರಿನಲ್ಲಿ ಲಕ್ಷ್ಮೀದೇವಮ್ಮ, ವೋಟರ್ ಲಿಸ್ಟಿನಲ್ಲಿ ಬರೀ ಲಕ್ಷ್ಮಿ. ಮನೆಯವರಿಗೆ ಮೂರೂ ಒಬ್ಬರೇ. ಕಂಪ್ಯೂಟರಿಗೆ ಮೂರು ಜನ. ಪಟ್ಟಿ ಮಾಡುವಾಗಲೇ ಇಂಥವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಕಡತ ಓಡಾಡುತ್ತಿರುವ ತಿಂಗಳುಗಳಲ್ಲೇ ಆಧಾರ್ ತಿದ್ದುಪಡಿ ಮಾಡಿಸಿ.

ವಾಸದ ಪುರಾವೆಯಲ್ಲಿ ಹಳೆಯದಕ್ಕೆ ಬೆಲೆ ಹೆಚ್ಚು. ಈ ವರ್ಷದ ಕರೆಂಟ್ ಬಿಲ್ಲಿಗಿಂತ ಹತ್ತು ಹದಿನೈದು ವರ್ಷದ ಹಿಂದಿನ ಮತದಾರರ ಪಟ್ಟಿ ಮೇಲು. ಅದರ ದೃಢೀಕೃತ ನಕಲನ್ನು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಕೇಳಬಹುದು. ಮಕ್ಕಳ ಶಾಲಾ ದಾಖಲಾತಿ, ಅಂಗನವಾಡಿಯ ತಾಯಿ ಕಾರ್ಡು, ಭಾಗ್ಯಜ್ಯೋತಿ ಸಂಪರ್ಕದ ಹಳೇ ಕಾಗದ, ಇವೆಲ್ಲ ನಡೆಯುತ್ತವೆ. ಬಾಡಿಗೆಗೆ ಇರುವವರನ್ನು ಪಟ್ಟಿಯಿಂದ ಕೈಬಿಡಬೇಡಿ. ಗುಡಿಸಲು ಕಟ್ಟಿ ಬಾಡಿಗೆಗೆ ಬಿಟ್ಟು ತಾನು ಬೇರೆ ಬಡಾವಣೆಯ ಸ್ವಂತ ಮನೆಯಲ್ಲಿರುವವನಿಗಿಂತ ಹತ್ತು ವರ್ಷದಿಂದ ಆ ಸೂರಿನಡಿ ಬದುಕಿದವರಿಗೆ ಮನೆ ಸೇರಬೇಕಾದದ್ದು. ಇದರ ಬಗ್ಗೆ ಕೇರಿಯಲ್ಲಿ ಜಗಳ ಆಗೇ ಆಗುತ್ತದೆ. ಆದರೂ ಈ ಮಾತು ಬಿಡಬಾರದು.

ಅರ್ಜಿಯಲ್ಲಿ ಏನು ಬರೆಯಬೇಕು

ಮೊದಲು ಸಂಘ ನೋಂದಾಯಿಸಿಕೊಂಡರೆ ಅನುಕೂಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ 7 ಜನ ಸೇರಿದರೆ ಸಾಕು. ನೋಂದಣಿ ಇಲ್ಲದೆಯೂ ಎಲ್ಲ ಕುಟುಂಬದವರ ಸಹಿ, ಹೆಬ್ಬೆಟ್ಟಿನೊಂದಿಗೆ ಅರ್ಜಿ ಕೊಡಬಹುದು.

ಅರ್ಜಿಯಲ್ಲಿ ‘ನಾವು ಕಡುಬಡವರು, ದಯಮಾಡಿ’ ಎಂದು ಎರಡು ಪುಟ ಬರೆದರೆ ಪ್ರಯೋಜನವಿಲ್ಲ. ಕಲಂ 3 ಬಡತನವನ್ನು ಅಳೆಯುವುದಿಲ್ಲ, ಜಾಗದ ಮತ್ತು ಮನೆಯ ಸ್ಥಿತಿಯನ್ನು ಅಳೆಯುತ್ತದೆ. ಜಾಗ ತಗ್ಗಿನಲ್ಲಿದೆಯೇ, ಹೊಲಸಾಗಿದೆಯೇ, ಜನ ಕಿಕ್ಕಿರಿದಿದ್ದಾರೆಯೇ, ಅದರಿಂದ ಅಲ್ಲಿಯವರ ಅಥವಾ ನೆರೆಯವರ ಆರೋಗ್ಯಕ್ಕೆ, ಸುರಕ್ಷತೆಗೆ ಅಪಾಯವಿದೆಯೇ. ಮನೆಗಳು ವಾಸಕ್ಕೆ ಯೋಗ್ಯವಲ್ಲದಂತಿವೆಯೇ. ಓಣಿಗಳು ಇಕ್ಕಟ್ಟೇ, ಗಾಳಿ ಬೆಳಕು ಶೌಚದ ವ್ಯವಸ್ಥೆ ಇಲ್ಲವೇ. ಮನೆ ವಾಸಯೋಗ್ಯವೋ ಅಲ್ಲವೋ ಎಂದು ತೀರ್ಮಾನಿಸಲು ದುರಸ್ತಿ, ಗಟ್ಟಿತನ, ತೇವ, ಗಾಳಿ-ಬೆಳಕು, ನೀರು, ಚರಂಡಿ-ಶೌಚ, ಅಡಿಗೆ ಮಾಡುವ ಮತ್ತು ಬಚ್ಚಲ ನೀರು ಹೊರಹೋಗುವ ಅನುಕೂಲ, ಇವನ್ನು ನೋಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಇಷ್ಟು ಮನೆ ಇರಲೇಬೇಕು ಎಂಬ ಕನಿಷ್ಠ ಸಂಖ್ಯೆ ಕಲಂ 3ರಲ್ಲಿ ಇಲ್ಲ. 2011ರ ಜನಗಣತಿ 60-70 ಮನೆಯ ಅಳತೆ ಇಟ್ಟುಕೊಂಡಿತ್ತು, ಅದನ್ನು ಹಿಡಿದು ‘ನಿಮ್ಮದು ಬರೀ 35 ಮನೆ, ಬರುವುದಿಲ್ಲ’ ಎಂದರೆ ಕಲಂ 3 ಓದಿ ತೋರಿಸಿ.

ಹಾಗಾಗಿ ಅರ್ಜಿಯ ನಡುಭಾಗ ಹೀಗಿರಬೇಕು: ‘118 ಕುಟುಂಬಕ್ಕೆ 3 ಬೀದಿ ನಲ್ಲಿ ಇವೆ, ಎರಡು ದಿನಕ್ಕೊಮ್ಮೆ ಒಂದು ಗಂಟೆ ನೀರು. 74 ಮನೆಗೆ ಶೌಚಾಲಯವಿಲ್ಲ. 2ನೇ ಓಣಿಯ ಅಗಲ 4 ಅಡಿ, ಆಂಬುಲೆನ್ಸ್ ಬರುವುದಿಲ್ಲ. 41 ಮನೆಗೆ ತಗಡು ಅಥವಾ ಟಾರ್ಪಾಲಿನ ಚಾವಣಿ. ಕೇರಿ ಮುಖ್ಯರಸ್ತೆಗಿಂತ ಮೂರು ಅಡಿ ತಗ್ಗಿನಲ್ಲಿದ್ದು, ಮಳೆಗಾಲದಲ್ಲಿ ಇಂಥ ಇಂಥ ದಿನ 22 ಮನೆಗೆ ಮೋರಿ ನೀರು ನುಗ್ಗಿದೆ.’ ಪ್ರತಿ ವಾಕ್ಯಕ್ಕೂ ಒಂದು ಫೋಟೋ, ಫೋಟೋದ ಹಿಂದೆ ಬಾಗಿಲ ನಂಬರು ಮತ್ತು ದಿನಾಂಕ. ಆ ತಿಂಗಳುಗಳಲ್ಲಿ ಡೆಂಗಿಯೋ ವಾಂತಿಭೇದಿಯೋ ಆಗಿದ್ದರೆ ಸರ್ಕಾರಿ ಆಸ್ಪತ್ರೆಯ ಚೀಟಿಗಳ ನಕಲು ಸೇರಿಸಿ.

ಜೊತೆಗಿಡಬೇಕಾದವು: ಪಹಣಿ ಅಥವಾ ಪ್ರಾಪರ್ಟಿ ಕಾರ್ಡ್, ಟಿಪ್ಪಣಿ, ನಿಮ್ಮ ಕೈನಕ್ಷೆ, ಮನೆ ಪಟ್ಟಿ, ಸಹಿ ಹಾಳೆ. ಅರ್ಜಿ ಸ್ಲಂ ಬೋರ್ಡಿನ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರಿಗೆ, ಪ್ರತಿಗಳು ಜಿಲ್ಲಾಧಿಕಾರಿಗೆ ಮತ್ತು ಸ್ಥಳೀಯ ಸಂಸ್ಥೆಯ ಆಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ. ಬೆಂಗಳೂರಿನಲ್ಲಿ ಈಗ ಐದು ಪಾಲಿಕೆಗಳಿವೆ, ನಿಮ್ಮ ವಾರ್ಡು ಯಾವುದಕ್ಕೆ ಸೇರಿದೆ ಎಂದು ನೋಡಿಕೊಂಡು ವಿಳಾಸ ಬರೆಯಿರಿ. ಎಲ್ಲ ಕಡೆ ಟಪಾಲು ವಿಭಾಗದಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಸಾಹೇಬರ ಕೈಗೆ ನೇರವಾಗಿ ಕೊಟ್ಟು ಹಾರ ಹಾಕಿ ಫೋಟೋ ತೆಗೆಸಿಕೊಂಡ ಅರ್ಜಿಗೆ ಸಂಖ್ಯೆ ಇರುವುದಿಲ್ಲ. ಸಂಖ್ಯೆ ಇಲ್ಲದ ಅರ್ಜಿ ಕಚೇರಿಯ ಲೆಕ್ಕದಲ್ಲಿ ಬಂದೇ ಇಲ್ಲ.

ಜಂಟಿ ಸರ್ವೆಯ ದಿನ

ಅರ್ಜಿ ಕೊಟ್ಟ ಮೇಲೆ ಕೇರಿಯನ್ನು ಒಟ್ಟಿಗೆ ಅಳೆಯಲು ಬೋರ್ಡಿನ ಇಂಜಿನಿಯರು, ಕಂದಾಯ ನಿರೀಕ್ಷಕರು, ಗ್ರಾಮ ಆಡಳಿತಾಧಿಕಾರಿ, ಭೂಮಾಪಕರು, ಸ್ಥಳೀಯ ಸಂಸ್ಥೆಯವರು ಬರುತ್ತಾರೆ. ಆ ದಿನ ಯಾವ ಮನೆಗೂ ಬೀಗ ಬೀಳಬಾರದು. ಮನೆಗೆಲಸಕ್ಕೆ, ಗಾರೆ ಕೆಲಸಕ್ಕೆ ಹೋಗುವವರು ಒಂದು ದಿನದ ಕೂಲಿ ಬಿಡುವುದೆಂದರೆ ಸಣ್ಣ ಮಾತಲ್ಲ. ಅದಕ್ಕೇ ಸರ್ವೆಯ ದಿನಾಂಕವನ್ನು ಲಿಖಿತವಾಗಿ ಮುಂಚೆಯೇ ಕೊಡಿ ಎಂದು ಕೇಳಿ, ಸಾಧ್ಯವಾದರೆ ಭಾನುವಾರವೋ ರಜಾದಿನವೋ ಮಾಡಿಸಿ. ಬೀಗ ಹಾಕಿದ ಮನೆಯನ್ನು ‘ಖಾಲಿ’ ಎಂದು ಬರೆದುಬಿಟ್ಟರೆ ಆ ಕುಟುಂಬದ ಹೆಸರು ಹೋಯಿತು.

ಭೂಮಾಪಕರ ಜೊತೆ ಕೇರಿಯ ಇಬ್ಬರು ನಕ್ಷೆ ಹಿಡಿದು ಗಡಿಯುದ್ದಕ್ಕೂ ನಡೆಯಬೇಕು. ತಪ್ಪು ಆಗುವುದು ಅಂಚಿನಲ್ಲಿ, ಮೋರಿಯ ಆಚೆಗಿನ ನಾಲ್ಕು ಮನೆ, ಕಾಂಪೌಂಡಿಗೆ ಅಂಟಿದ ಸಾಲು. ಕೊನೆಗೆ ಸ್ಥಳ ಮಹಜರು ಬರೆಯುತ್ತಾರೆ. ಅದನ್ನು ಎಲ್ಲರಿಗೂ ಕೇಳುವಂತೆ ಓದಿಸಿ, ಸರ್ವೆ ನಂಬರು, ವಿಸ್ತೀರ್ಣ, ಮನೆ ಸಂಖ್ಯೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಸರಿ ಇದ್ದರೆ ಸಹಿ ಹಾಕಿ. ಖಾಲಿ ಹಾಳೆಗೆ, ‘ಆಮೇಲೆ ತುಂಬಿಕೊಳ್ಳುತ್ತೇವೆ’ ಎಂದ ಹಾಳೆಗೆ ಸಹಿ ಬೇಡ. ಸಹಿಯಾದ ಮಹಜರಿನ ಫೋಟೋ ಅಲ್ಲೇ ತೆಗೆದುಕೊಳ್ಳಿ.

ಇಲ್ಲಿಂದ ಪ್ರಸ್ತಾವ ಜಿಲ್ಲಾಧಿಕಾರಿಗೆ ಹೋಗುತ್ತದೆ. ಜಾಗ ಖಾಸಗಿಯದ್ದಾದರೆ ಮಾಲೀಕರಿಗೆ ನೋಟಿಸು ಹೋಗಿ ಅವರ ಮಾತು ಕೇಳಬೇಕು. ಇದರಿಂದ ತಡವಾಗುತ್ತದೆ ಎಂದು ನೋಟಿಸು ತಪ್ಪಿಸುವಂತೆ ಒತ್ತಡ ಹಾಕಬೇಡಿ. ಮಾಲೀಕರನ್ನು ಕೇಳದೆ ಹೊರಡಿಸಿದ ಘೋಷಣೆ ಹೈಕೋರ್ಟಿನಲ್ಲಿ ಬಿದ್ದುಹೋದರೆ ಮತ್ತೆ ಮೊದಲಿನಿಂದ ಶುರು. ಅವರ ತಕರಾರಿನ ಪ್ರತಿ ಕೇಳಿ ಪಡೆದು, ಅಂಶ ಅಂಶಕ್ಕೆ ಲಿಖಿತ ಉತ್ತರ ಕೊಡುವುದೇ ವೇಗದ ದಾರಿ.

ಘೋಷಣೆ ರಾಜ್ಯಪತ್ರದಲ್ಲಿ ಬಂದ ಮೇಲೆ ಎರಡು ಕಲಂಗಳ ಹೆಸರು ಕಿವಿಗೆ ಬೀಳುತ್ತದೆ. ಕಲಂ 17 ಸ್ವಾಧೀನದ್ದು, ಖಾಸಗಿ ಜಾಗದಲ್ಲಿರುವವರು ಅದಕ್ಕೆ ಬೆನ್ನುಹತ್ತಲೇಬೇಕು, ಅದಾಗದೆ ಹಕ್ಕುಪತ್ರವಿಲ್ಲ. ಕಲಂ 11 ತೆರವು ಪ್ರದೇಶದ್ದು, ಅಂದರೆ ಅಲ್ಲಿನ ಕಟ್ಟಡಗಳನ್ನು ಪೂರ್ತಿ ತೆಗೆಯಲು ದಾರಿ ಮಾಡುವಂಥದ್ದು. ಕೆಡವಿ ಅಲ್ಲೇ ಹೊಸ ಕಟ್ಟಡ ಕಟ್ಟುವ ಯೋಜನೆಗೆ ಅದು ಬೇಕಾಗಬಹುದು. ಆದರೆ ಒಪ್ಪುವ ಮುಂಚೆ ಮೂರು ಸಂಗತಿ ಲಿಖಿತವಾಗಿ ಬರಲಿ: ಇದೇ ಜಾಗಕ್ಕೆ ವಾಪಸು ಬರುವ ಕುಟುಂಬಗಳ ಪಟ್ಟಿ, ಕಟ್ಟುವವರೆಗೆ ಇರಲು ತಾತ್ಕಾಲಿಕ ಶೆಡ್ಡು ಎಲ್ಲಿ, ಮುಗಿಸುವ ಅವಧಿ.

ಮಧ್ಯೆ ತೆರವು ನೋಟಿಸು ಬಂದರೆ

ಕಡತ ಓಡುತ್ತಿರುವಾಗಲೇ ಜೆಸಿಬಿ ಬರುವುದುಂಟು. ನೋಟಿಸು ಯಾವ ಕಾಯ್ದೆಯ ಯಾವ ಕಲಂ ಅಡಿ ಕೊಟ್ಟಿದ್ದಾರೆ, ಉತ್ತರಕ್ಕೆ ಎಷ್ಟು ದಿನ ಎಂದು ನೋಡಿ. ಆ ದಿನಗಳೊಳಗೆ ಲಿಖಿತ ಉತ್ತರ ಕೊಟ್ಟು, ನಿಮ್ಮ ಘೋಷಣೆಯ ಅರ್ಜಿಯ ಸ್ವೀಕೃತಿ ಸಂಖ್ಯೆ, ಮಹಜರಿನ ನಕಲು ಲಗತ್ತಿಸಿ. ಬಾಯಿಮಾತಿನ ಗಡುವಿಗೆ ಕಾನೂನಿನ ಬೆಲೆ ಇಲ್ಲ. ಫುಟ್‌ಪಾತಿನ ಮೇಲೆ ಬದುಕುವವರ ಜೀವನೋಪಾಯವೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಹೇಳಿದೆ. ಅದೇ ತೀರ್ಪು ತೆರವನ್ನೇ ನಿಷೇಧಿಸಲಿಲ್ಲ, ಕಾನೂನಿನ ಕ್ರಮದಲ್ಲಿ ನಡೆಯಬೇಕು ಎಂದಿತು. ಎರಡೂ ಗೊತ್ತಿರಲಿ.

ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಿರಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಸಹಾಯವಾಣಿ 15100. ರಿಟ್ ಅರ್ಜಿಗೆ ಬೆಂಗಳೂರಿಗೇ ಹೋಗಬೇಕಿಲ್ಲ, ಉತ್ತರ ಕರ್ನಾಟಕದವರಿಗೆ ಧಾರವಾಡ, ಕಲಬುರಗಿಯಲ್ಲಿ ಹೈಕೋರ್ಟ್ ಪೀಠಗಳಿವೆ.

ಮನೆ, ಆಮೇಲೆ ಹಕ್ಕುಪತ್ರ

ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗದ ಎರಡನೇ ಸುತ್ತು 2024ರಲ್ಲಿ ಶುರುವಾಗಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವವರು ಆರ್ಥಿಕವಾಗಿ ದುರ್ಬಲ ವರ್ಗ. ಸ್ವಂತ ಜಾಗದಲ್ಲಿ ತಾವೇ ಕಟ್ಟಿಕೊಳ್ಳುವವರಿಗೆ ಕೇಂದ್ರ, ರಾಜ್ಯ ಸೇರಿ ಸಹಾಯಧನ ಕಂತಿನಲ್ಲಿ ಬರುತ್ತದೆ. ಮನೆಯ ಒಳಅಳತೆ 30ರಿಂದ 45 ಚದರ ಮೀಟರ್, ಅಂದರೆ ಸುಮಾರು 323ರಿಂದ 484 ಚದರಡಿ. ‘ಸ್ವಂತ ಜಾಗ’ ಎಂಬ ಎರಡು ಪದವೇ ಇಲ್ಲಿ ಮುಳ್ಳು. ಕೇರಿಗೆ ಕಾಗದವಿಲ್ಲದವರಿಗೆ ಈ ಬಾಗಿಲು ತೆರೆಯುವುದಿಲ್ಲ. ಇಷ್ಟು ಹೊತ್ತು ಗೆರೆ, ಚಕ್ಕುಬಂದಿ ಎಂದು ಹೇಳಿದ್ದು ಇದಕ್ಕೇ.

ದೇಶದ ಯಾವ ಭಾಗದಲ್ಲೂ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು ಎಂಬ ಷರತ್ತಿಗೆ ಜನ ಬೆದರುತ್ತಾರೆ. ರಾಯಚೂರಿನ ಹಳ್ಳಿಯಲ್ಲಿ ಅಪ್ಪನ ಹೆಸರಿನ ಮನೆ ಇದ್ದರೆ ಬೆಂಗಳೂರಿನ ಕೇರಿಯಲ್ಲಿರುವ ಮದುವೆಯಾದ ಮಗನಿಗೆ ಅಡ್ಡಿಯಿಲ್ಲ. ಯೋಜನೆಯ ಲೆಕ್ಕದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ನಿಜವಾಗಿ ಅಡ್ಡಿಯಾಗುವುದು ಹಿಂದೆಂದೋ ಪಡೆದ ವಸತಿ ಯೋಜನೆಯ ಮನೆ, ಇಲ್ಲವೇ ಮಂಜೂರಾಗಿ ಕಟ್ಟದೇ ಬಿಟ್ಟ ಮನೆಯ ದಾಖಲೆ. ಹಾಗೆ ಬಿಟ್ಟದ್ದಿದ್ದರೆ ಅದನ್ನು ರದ್ದು ಮಾಡಿಸಿದ ಆದೇಶ ಮೊದಲು ತನ್ನಿ.

ಊರ ಹೊರಗಿನ ಬಹುಮಹಡಿ ಮನೆಗೆ ಹೋಗಲು ಹೇಳಿದರೆ ಕೀಲಿ ತೆಗೆದುಕೊಳ್ಳುವ ಮುಂಚೆ ಹೋಗಿ ನೋಡಿ, ಅದೂ ಬೆಳಿಗ್ಗೆ ಏಳಕ್ಕೆ. ಆ ಹೊತ್ತಿಗೆ ಕೆಲಸದ ಜಾಗಕ್ಕೆ ಬಸ್ಸು ಇದೆಯೇ, ಮೂರನೇ ಮಹಡಿಗೆ ನೀರು ಹತ್ತುತ್ತದೆಯೇ, ಪಂಪಿನ ಕರೆಂಟ್ ಬಿಲ್ಲು ಯಾರ ಹೆಸರಿಗೆ, ಶಾಲೆ ಎಷ್ಟು ದೂರ. ವಯಸ್ಸಾದವರಿಗೆ, ಅಂಗವಿಕಲರಿಗೆ ನೆಲಮಹಡಿ ಎಂದು ಹಂಚಿಕೆಗೆ ಮುಂಚೆಯೇ ಬರೆಸಿಕೊಳ್ಳಿ. ಫಲಾನುಭವಿಯ ವಂತಿಗೆಯನ್ನು ಡಿಡಿಯಲ್ಲೋ ಬ್ಯಾಂಕ್ ಚಲನ್ನಿನಲ್ಲೋ ಮಾತ್ರ ಕಟ್ಟಿ, ಯಾರ ಕೈಗೂ ನಗದು ಬೇಡ.

ಹಕ್ಕುಪತ್ರ ಕೈಗೆ ಬಂದಾಗ ವೇದಿಕೆಯ ಮೇಲೆ ಓದಲು ಆಗುವುದಿಲ್ಲ, ಮನೆಗೆ ಬಂದ ಕೂಡಲೇ ಓದಿ. ಹೆಸರು ಆಧಾರಿನಂತೆಯೇ ಇದೆಯೇ, ಉದ್ದ ಅಗಲ ಅಡಿಯಲ್ಲಿ ಬರೆದಿದ್ದಾರೆಯೇ, ನಾಲ್ಕು ದಿಕ್ಕಿಗೆ ಯಾರ ಮನೆ, ಮಾರಾಟಕ್ಕೆ ಎಷ್ಟು ವರ್ಷದ ನಿರ್ಬಂಧ. ತಪ್ಪಿದ್ದರೆ ನೋಂದಣಿಗೆ ಮುಂಚೆಯೇ ತಿದ್ದಿಸಿ, ನೋಂದಣಿಯಾದ ಮೇಲೆ ತಿದ್ದುಪಡಿ ಪತ್ರಕ್ಕೆ ಮತ್ತೆ ಓಡಾಟ. ನಂತರ ಉಪನೋಂದಣಿ ಕಚೇರಿ, ಸ್ಥಳೀಯ ಸಂಸ್ಥೆಯಲ್ಲಿ ಇ-ಖಾತಾ, ತೆರಿಗೆ ರಸೀದಿ. ಮೂರೂ ಒಂದೇ ಹೆಸರಿನಲ್ಲಿ, ಒಂದೇ ಅಳತೆಯಲ್ಲಿ ಇರಬೇಕು.

ನಿರ್ಬಂಧದ ಅವಧಿಯಲ್ಲಿ ‘ಬಾಂಡ್ ಪೇಪರಿನಲ್ಲಿ ಬರೆದುಕೊಡಿ ಸಾಕು’ ಎಂದು ಬರುವವರು ಮಗಳ ಮದುವೆ, ಆಸ್ಪತ್ರೆ ಖರ್ಚಿನ ಹೊತ್ತು ನೋಡಿಯೇ ಬರುತ್ತಾರೆ. ಅಂಥ ಬರಹದಿಂದ ಕೊಂಡವನಿಗೆ ಮಾಲೀಕತ್ವ ಹೋಗುವುದಿಲ್ಲ, ಮಾರಿದವರ ಹಕ್ಕುಪತ್ರ ರದ್ದಾಗುವ ಅಪಾಯ ಮಾತ್ರ ಉಳಿಯುತ್ತದೆ. ಹೆಂಡತಿಯ ಹೆಸರಿನ ಪತ್ರಕ್ಕೆ ಗಂಡ ಹಾಕಿದ ಸಹಿಗೂ ಬೆಲೆಯಿಲ್ಲ.

ಇನ್ನೊಂದು ಸಣ್ಣ ವಿಷಯ. ಹಕ್ಕುಪತ್ರವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಮೇಲೆ ಸೀಲು ಹಾಕುವುದು, ಷರಾ ಬರೆಯುವುದು ಇನ್ನೂ ಬಾಕಿ ಇರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟು ಟ್ರಂಕಿನ ತಳದಲ್ಲಿಡುವ ಬದಲು ಗೋಡೆಯ ಮೇಲಿನ ಹಲಗೆಯಲ್ಲಿಡಿ, ಮೋರಿ ನೀರು ನುಗ್ಗಿದಾಗ ಮೊದಲು ನೆನೆಯುವುದು ಟ್ರಂಕು. ಒಂದು ಜೆರಾಕ್ಸ್ ಬೇರೆ ಓಣಿಯ ನೆಂಟರ ಮನೆಯಲ್ಲಿ, ಒಂದು ಸಂಘದ ಕಡತದಲ್ಲಿ, ರಾಜ್ಯಪತ್ರದ ಪ್ರತಿಯ ಜೊತೆಗೆ.